ಹಿಂದಿನಿಂದ ಹೇಳು

ಮಧ್ಯಾಹ್ನ ಮೂರಕ್ಕೇ ಈಸಲ್ಮಿಯಲ್ಲಿ ಕತ್ತಲು.
ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸಿರ್ಕು
ಇದ್ದೊಂದು ದೀಪವನ್ನೂ ತಗ್ಗಿಸುತ್ತಾಳೆ.
ಓಯ್ವನಿಗೆ ಈಗ ಬೆಳಕೆಂದರೆ ಕಣ್ಣಿಗೆ ಸೂಜಿ.
ಹತ್ತು ವರ್ಷದವ, ಉಣ್ಣೆಟೋಪಿ ಮೂಗಿನವರೆಗೆ ಎಳೆದು ಕೂತಿದ್ದಾನೆ.
ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ,
ಕೋಟಿನ ತುಂಬ ಯಂತ್ರದೆಣ್ಣೆಯ ವಾಸನೆ.

"ಏಳು, ಎರಡು, ಒಂಬತ್ತು. ಹಿಂದಿನಿಂದ ಹೇಳು."
"ಒಂಬತ್ತು... ಎರಡು..."
ಏಳು ಎಲ್ಲೋ ಜಾರಿತು.
ಮೇಜಿನಡಿ ಉರುಳಿತೇನೋ ಎಂಬಂತೆ
ಬಗ್ಗಿ ನೋಡಿದ.
ಹೋದ ಚಳಿಗಾಲ ಇದೇ ಹುಡುಗ
ತಂಡದ ಇಪ್ಪತ್ತು ಮಂದಿಯ ಅಂಗಿಯ ನಂಬರು
ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದ.

ಎಲುಬು ಮುರಿದಿದ್ದರೆ ಪಟ್ಟಿ ಕಟ್ಟುತ್ತಿದ್ದರು,
ಗೆಳೆಯರು ಅದರ ಮೇಲೆ ಹೆಸರು ಗೀಚುತ್ತಿದ್ದರು.
ಇದಕ್ಕೆ ಹೊರಗೊಂದು ಗೀರೂ ಇಲ್ಲ.
ಶಾಲೆಯಲ್ಲಿ ಯಾರೋ ಅಂದರಂತೆ: ನಾಟಕ.

ಗೀರು ಅಳಿಸುವುದು ನನ್ನ ಕಸುಬು.
ಹದಿನೇಳು ವರ್ಷ ಅದೇ ಯಂತ್ರ, ಅದೇ ಅಂಗಳ.
ಮಕ್ಕಳು ಹಾಕಿಯಾಡಿ ಕೆರೆದು ಬಿಟ್ಟ ಮಂಜುಗಡ್ಡೆಗೆ
ಬಿಸಿನೀರು ಹಾಯಿಸುತ್ತ ಸುತ್ತು ಬರುತ್ತೇನೆ,
ಹಿಂದೆ ಕನ್ನಡಿ ಹಾಸುತ್ತ ಹೋಗುತ್ತದೆ.
ಏನೂ ಆಗಿಲ್ಲವೆಂಬಂತೆ ಮಾಡುವುದರಲ್ಲಿ
ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ.

ಮನೆಯಲ್ಲೂ ದಿನಕ್ಕೆ ಹತ್ತೇ ನಿಮಿಷ ಅಭ್ಯಾಸ.
ಮೊಟ್ಟೆ ಬೇಯಿಸುವ ಗಡಿಯಾರ ಮೇಜಿನ ಮೇಲೆ.
ಕೆಂಪು ಕಂಡರೆ ತಟ್ಟು, ನೀಲಿ ಕಂಡರೆ ಕೈಕಟ್ಟು.
ಮೀನಿನ ಜೋಡಿ ಎಲ್ಲಿ, ಏಣಿಯ ಜೋಡಿ ಎಲ್ಲಿ?
ತಲೆ ಸಿಡಿಯಿತೆಂದರೆ ಅಲ್ಲಿಗೇ ನಿಲ್ಲಿಸಿ,
ಹಟ ಹಿಡಿದು ದಾಟುವ ಹೊಳೆಯಲ್ಲ ಇದು, ಅಂದಿದ್ದಾಳೆ ಸಿರ್ಕು.
ಕಾರ್ಡುಗಳನ್ನು ಗೋಡೆಗೆಸೆದ ಸಂಜೆಗಳೂ ಇದ್ದವು.
ಆಯ್ದುಕೊಂಡು ಬಂದೆವು, ಅವನಮ್ಮನೂ ನಾನೂ, ಮಂಚದಡಿ ತೆವಳಿ.
ಒಂದು ಏಣಿ ಇನ್ನೂ ಸಿಕ್ಕಿಲ್ಲ.

ಯಂತ್ರದ ಮೇಲೆ ಕೂತು ನಾನೂ ಗುನುಗಿ ನೋಡಿದೆ:
ನಾಲ್ಕು, ಎಂಟು, ಒಂದು, ಆರು, ಮೂರು.
ಮೂರು, ಆರು...
ಅಷ್ಟರಲ್ಲಿ ಮೂಲೆಯೊಂದು ಒರೆಸದೆ ಉಳಿಯಿತು.
ಜನವರಿಯಲ್ಲಿ ಅವನು ಐದಂಕಿ ಮುಟ್ಟಿದ.
ನಾನು ನಾಲ್ಕರಲ್ಲೇ ಇದ್ದೇನೆ.

ಇವತ್ತು ಸಿರ್ಕು ಅಂಕಿ ಬಿಟ್ಟಳು.
"ಈ ದಿನವನ್ನೇ ಹಿಂದಿನಿಂದ ಹೇಳು."
ಲಿಫ್ಟು. ಕಾರು. ಶಾಲೆಯ ಮೀನಿನ ಸಾರು,
ಅದಕ್ಕೂ ಮುಂಚೆ ಲೆಕ್ಕದ ತರಗತಿ, ಕಿಟಕಿಗೆ ಬಂದ ಹಕ್ಕಿ,
ಹಲ್ಲುಜ್ಜಿದ್ದು. ಇಲ್ಲ, ಉಜ್ಜಲಿಲ್ಲ.
ನಕ್ಕೆವು. ಆಮೇಲೆ ಅವನೇ ಕೇಳಿದ,
"ಅವತ್ತಿನದೂ ಹೇಳಲಾ?"

ಆಂಬುಲೆನ್ಸಿನ ಚಾವಣಿ. ಅಮ್ಮನ ಒದ್ದೆ ಕೈಗವಸು.
ಆಮೇಲೆ, ಅಂದರೆ ಮುಂಚೆ, ಬೂಟಿನ ಲೇಸು, ಎಡಗಾಲಿನದು ಮೊದಲು.
"ನಡುವೆ?"
"ನಡುವೆ ಬಿಳಿ."
"ತುಂಬ ಚೆನ್ನಾಗಿ ಹೇಳಿದೆ," ಅಂದಳು ಸಿರ್ಕು.

ಆ ಬಿಳಿ ನನಗೆ ಗೊತ್ತು.
ಅವನನ್ನು ಒಯ್ದ ಮೇಲೆ ಮುಂದಿನ ತಂಡ ಕಾಯುತ್ತಿತ್ತು,
ಆ ಜಾಗವನ್ನು ಎರಡು ಸಲ ಒರೆಸಿದ್ದೆ.
ನೆನಪು ಬರಲಿ ಎಂದು ವಾರವಾರವೂ ಕರೆತಂದವನೇ
ಅದೊಂದು ಬಾರದಿರಲಿ ಎಂದು
ಈ ಕುರ್ಚಿಯಲ್ಲಿ ಹಲ್ಲು ಕಚ್ಚಿ ಕೂತಿದ್ದೆ.

ಕಾರಿನ ಗಾಜಿನ ಹಿಮ ಕೆರೆದು ಒಳಗೆ ಕೂತೆ.
ಕೀಲಿ ತಿರುಗಿಸಲಿಲ್ಲ.
"ಓಯ್ವ, ಅವತ್ತು ನಾನು ಗೇಟಿನ ಹತ್ತಿರ ಯಂತ್ರದ ಮೇಲಿದ್ದೆ.
ನಿನಗೆ ಕೈ ಬೀಸಿದೆ.
ನೀನು ನನ್ನ ಕಡೆ ತಿರುಗಿದೆ.
ಆ ಹುಡುಗ ಬರುತ್ತಿದ್ದದ್ದು ನಿನಗೆ ಕಾಣಲಿಲ್ಲ."

ಟೋಪಿಯನ್ನು ಹುಬ್ಬಿನ ಮೇಲಕ್ಕೆ ಸರಿಸಿದ.
ಕಾರ್ಡು ಮಗುಚುವ ಮುನ್ನ ಮಾಡುವಂತೆ
ಕಣ್ಣು ಕಿರಿದು ಮಾಡಿ ಯೋಚಿಸಿದ.
"ಯಾವ ಕೈ?
ಎಡದ್ದೋ, ಬಲದ್ದೋ?"

ಸ್ಟೀರಿಂಗಿನ ಮೇಲಿದ್ದ ಎರಡನ್ನೂ ನೋಡಿದೆ.
ನೆನಪಿಲ್ಲ, ಅಂದೆ.
"ಅವಸರವಿಲ್ಲ," ಅಂದ, ಥೇಟ್ ಸಿರ್ಕುವಿನ ದನಿಯಲ್ಲಿ,
"ಹಿಂದಿನಿಂದ ಹೇಳು."