ಬಳ್ಳಿ ಎಷ್ಟು ತಿಂಗಳು ಮಲಗುತ್ತದೆ

ರಾತ್ರಿ ಮೂರಕ್ಕೆ ಕೊಯ್ಲು ಶುರು.
ಹಣೆಗೆ ಕಟ್ಟಿದ ಬ್ಯಾಟರಿಯ ಬೆಳಕು
ಎಲೆಯಿಂದ ಎಲೆಗೆ ಜಿಗಿಯುತ್ತದೆ
ನಾರಾಯಣಗಾಂವದ ಹೊರಗೆ, ಕಾಲುವೆಯ ಮೇಲಿನ ಇಳಿಜಾರಿನಲ್ಲಿ.
ಫೆಬ್ರವರಿ. ಪಾದರಸ ಹನ್ನೊಂದರಲ್ಲಿ ನಿಂತಿದೆ.
ನಮಗೆ ತಂಪೆಂದರೆ ಕೈಗಡ,
ಸೂರ್ಯ ಬಂದು ಕೇಳುವ ಮೊದಲೇ
ಬಳಸಿ ಮುಗಿಸಬೇಕು.

ಇಲ್ದಿಕೊ ಬಂದು ಮೂರು ವಾರ.
ಹಂಗೇರಿಯಲ್ಲಿ ಅವಳ ಅಪ್ಪನ ತೋಟ
ಆರಿಹೋದ ಜ್ವಾಲಾಮುಖಿಯ ಹೆಗಲ ಮೇಲಂತೆ.
ಬಂದ ದಿನವೇ ಸಾಲಿನ ನಡುವೆ ಬಗ್ಗಿ
ಒಂದು ಕರಿಕಲ್ಲು ಎತ್ತಿ, ಲಂಗಕ್ಕೆ ಒರೆಸಿ,
ನಾಲಿಗೆಗೆ ತಾಗಿಸಿದಳು.
ಧೋಂಡಿಬಾ ಮುಕಾದಮ ಅತ್ತ ತಿರುಗಿ ನಕ್ಕ:
ಕಲ್ಲು ನೆಕ್ಕಲು ವಿಮಾನ ಹತ್ತಬೇಕಿತ್ತೇ ಬಾಯಿ?

ಅವಳು ನಗಲಿಲ್ಲ.
ನಮ್ಮದೂ ಇದೇ ರುಚಿ, ಎಂದಳು.
ನಾನದನ್ನು ಮರಾಠಿಗೆ ಹಾಕಿ ಅವನಿಗೆ ಹೇಳಿದೆ,
ಕನ್ನಡಕ್ಕೆ ಹಾಕಿ ಕಲ್ಲವ್ವನಿಗೆ.
ನನ್ನ ಕೆಲಸ ಸಕ್ಕರೆ ಅಳೆಯುವುದು;
ಮಾತು ಹೊರುವುದು ಮೇಲಿನ ಸಂಬಳವಿಲ್ಲದ್ದು.

ಕಲ್ಲವ್ವ ತಿಕೋಟಾದವಳು.
ಹದಿನಾರು ವರ್ಷದಿಂದ ಇಲ್ಲಿ ಚಾಟ್ನಿ ಗುಂಪಿನ ಮುಂದಾಳು.
ತೊಗಟೆಯ ಮೇಲೆ ಹೆಬ್ಬೆರಳು ಎಳೆದು
ಯಾವ ಕಣ್ಣು ಬರೀ ಎಲೆ, ಯಾವುದು ಗೊನೆ
ಹೇಳಿಬಿಡುತ್ತಾಳೆ. ತಪ್ಪಿದ್ದೂ ಉಂಟು,
ಆದರೆ ಅದನ್ನು ಬಳ್ಳಿಯ ತಪ್ಪೆನ್ನುತ್ತಾಳೆ.

ಕೇಳು ಅವಳನ್ನ, ಎಂದಳು ಇಲ್ದಿಕೊ,
ನಿಮ್ಮ ಬಳ್ಳಿ ಎಷ್ಟು ತಿಂಗಳು ಮಲಗುತ್ತದೆ?
ಅಲ್ಲಿ ಹಿಮ ಬಿದ್ದರೆ ಬರಿ ಕಟ್ಟಿಗೆ,
ಮಾರ್ಚ್ ತನಕ ಯಾರೂ ಎಬ್ಬಿಸುವುದಿಲ್ಲವಂತೆ.

"ಮಲಗೂದೆಲ್ಲಿ ಬಂತವ್ವ.
ಏಪ್ರಿಲ್‌ದಾಗ ಒಮ್ಮೆ ಕತ್ತರಸ್ತೀವಿ,
ದಸರಾ ಮುಂದ ಇನ್ನೊಮ್ಮೆ.
ಕತ್ತರಿ ಬಿತ್ತಂದ್ರ ಎಲ್ಲಾ ಮರ್ತಬಿಡ್ತೈತಿ,
ಈಗ ಹುಟ್ಟೇನಂತ ತಿಳಕೊಂಡು ಚಿಗೀತೈತಿ."

ಮಲಗುವುದಿಲ್ಲ, ಎಂದಷ್ಟೇ ದಾಟಿಸಿದೆ ನಾನು.
ಉಳಿದದ್ದು ನನ್ನ ಇಂಗ್ಲಿಷಿಗೆ ದೊಡ್ಡದಾಯಿತು.
ಇಲ್ದಿಕೊ ಬುಡದ ಗಂಟೊಂದರ ಮೇಲೆ ಕೈಯಿಟ್ಟು
ಬಹಳ ಹೊತ್ತು ಕೂತಿದ್ದಳು,
ಜ್ವರದ ಮಗುವಿನ ಬಳಿ ಕೂತಂತೆ.

ಈಗ ಕಲ್ಲವ್ವನ ಸರದಿ.
"ಬಳ್ಳಿ ಮಲಗಿದಾಗ ಇವರೇನ ಮಾಡ್ತಾರ, ಕೇಳ್ರಿ."
ಕೇಳಿದೆ. ಒಂದೇ ಪದದ ಉತ್ತರ.
"ಕಾಯ್ತಾರಂತ," ಎಂದೆ.
ಗೊನೆ ಹಿಡಿದ ಕೈ ನಿಂತಿತು.
"ಬಿಸಲಾಗೇನು?"
ಅಲ್ಲ, ದಾರಿ ಕಾಯೋದು.
"ಎರಡೂ ಒಂದ ಬಿಡ್ರಿ.
ಈ ಕಲ್ಲೂ ಅದನ್ನ ಮಾಡ್ತೈತಲ್ಲ,
ಕಾಯೂದು."
ಗೊನೆ ಕ್ರೇಟಿಗೆ ಇಳಿಯಿತು.

ಏಳಕ್ಕೆ ಖೋಡದದ ಬಿಳಿ ದೂರದರ್ಶಕಗಳ ಅಂಚು
ಕೆಂಪಾಯಿತು; ಅವು ಎಂದಿನಂತೆ
ನಮ್ಮ ಕಡೆ ನೋಡಲಿಲ್ಲ.
ಟ್ರಾಕ್ಟರ್ ಹೊರಟಿತು. ಇಲ್ದಿಕೊ ಹಿಂದೆ ಕ್ರೇಟುಗಳ ನಡುವೆ,
ಕಲ್ಲವ್ವನ ಚೀಲದ ರೊಟ್ಟಿ ಮುರಿಯುತ್ತ,
ಖಾರಕ್ಕೆ ಕಣ್ಣೀರು.

ವಹಿ ತೆರೆದೆ.
ಪ್ಲಾಟು ಏಳು. ಸಕ್ಕರೆ ಇಪ್ಪತ್ತೆರಡೂವರೆ.
ಹುಳಿ ಕೊಂಚ ಕಡಿಮೆ.
ಷರಾ:
ಏನೋ ಬರೆಯುವುದಿತ್ತು.
ಅಷ್ಟರಲ್ಲಿ ಕಿಟಕಿಕಟ್ಟೆಯ ಮೇಲೆ ಅವಳು ಬಿಟ್ಟುಹೋದ ಕರಿಕಲ್ಲಿಗೆ
ಬಿಸಿಲು ತಲುಪಿತು.