ಎರಡೂವರೆ ಅಡಿ

ಎರಡೂವರೆ ಅಡಿ ಅಗಲ, ಅಷ್ಟೇ.
ಏಳು ವರ್ಷದ ನಾನು ಒಂದೊಂದು ಹಳಿಗೆ ಒಂದೊಂದು ಕಾಲಿಟ್ಟು
ಕಾಡಿಗೆಲ್ಲ ಯಜಮಾನಿಯ ಹಾಗೆ ನಿಲ್ಲುತ್ತಿದ್ದೆ.
‘ಇಳಿಯೇ ಕೆಳಗೆ, ನಾಲ್ಕನೇ ನಂಬರು ಬರೋ ಹೊತ್ತು’
ಹಿಟ್ಟಿನ ಕೈಯಲ್ಲೇ ಅಮ್ಮ ಕೂಗುತ್ತಿದ್ದಳು.

ಆಲ್ಮಾ ಟ್ರೆಲೋರ್, ಟಾಲಿಸ್ ಕ್ರೀಕ್ ನಿಲ್ದಾಣದ ಉಸ್ತುವಾರಿ.
ನಿಲ್ದಾಣವೆಂದರೆ ತಗಡಿನ ಗೂಡು, ತಕ್ಕಡಿ, ಗಡಿಯಾರ,
ವಿಕ್ಟೋರಿಯ ಸರ್ಕಾರದ ಹಸಿರು ರಟ್ಟಿನ ಲೆಕ್ಕದ ಪುಸ್ತಕ.
ಹಿಂದಿರುಗಿಸಬೇಕಿತ್ತು. ಕೊಡಲಿಲ್ಲ ಅವಳು.
ಈಗ ನನ್ನ ತೊಡೆಯ ಮೇಲಿದೆ.
ರೈಲಿನ ಇತಿಹಾಸ ಬರೆದುಕೊಡಿ ಅಂದಿದ್ದಾರೆ ಶಾಲೆಯವರು.
ಅಮ್ಮ ಬರೆದದ್ದು ಹೀಗಿದೆ:

ಆಲೂಗಡ್ಡೆ, ನಲವತ್ತು ಮೂಟೆ, ಎರಡು ಒದ್ದೆ.
ಕೆನೆಯ ಕ್ಯಾನು ಹನ್ನೊಂದು.
ಪಿಯಾನೊ ಒಂದು, ಮಿಸ್ ಹ್ಯಾಲೋರನ್‌ಗೆ. ಕಾಲು ಮುರಿದಿದೆ. ತಪ್ಪು ನಮ್ಮದಲ್ಲ.
ಶವಪೆಟ್ಟಿಗೆ, ಖಾಲಿ, ಮೇಲಕ್ಕೆ.
ಶವಪೆಟ್ಟಿಗೆ, ಕೆಳಕ್ಕೆ. ದರ ಹಾಕಿಲ್ಲ.

ಬೆಂಕಿ ಬಿದ್ದ ಬೇಸಿಗೆಯ ಪುಟದಲ್ಲಿ ಬರೀ ತಾರೀಖು.
ಅದನ್ನು ನಾನು ಹೇಳಬಲ್ಲೆ.
ಸಿರಿಲ್ ಪೆಂಗೆಲ್ಲಿ ಗಾಡಿ ತಿರುಗಿಸಲೂ ನಿಲ್ಲದೆ
ಹಿಮ್ಮುಖವಾಗಿಯೇ ಇಳಿಸಿದ;
ನೆನೆಸಿದ ಕಂಬಳಿಗಳ ಕೆಳಗೆ ಮೂವತ್ತೊಂದು ಜನ, ಎರಡು ನಾಯಿ.
ದಾಟಿದ ಮೇಲೆ ಮರದ ಸೇತುವೆ ಬಿತ್ತು ಅನ್ನುತ್ತಾರೆ.
ದಾಟುವಾಗಲೇ ಅದು ಹೊಗೆಯಾಡುತ್ತಿತ್ತು.
ಮಿಸ್ ಹ್ಯಾಲೋರನ್ ದಾರಿಯುದ್ದಕ್ಕೂ
ಮಡಿಲಲ್ಲಿ ಬೆರಳು ಆಡಿಸುತ್ತಿದ್ದರು, ಸದ್ದಿಲ್ಲದೆ.

ಸೇತುವೆ ಮತ್ತೆ ಕಟ್ಟಿದರು. ರಸ್ತೆಗೂ ಟಾರು ಬಂತು.
ಆಲೂಗಡ್ಡೆ ಲಾರಿ ಹತ್ತಿತು.
ಪುಟಗಟ್ಟಲೆ ‘ಇಲ್ಲ’, ‘ಇಲ್ಲ’, ‘ಇಲ್ಲ’,
ಅಮ್ಮನ ದುಂಡು ಅಕ್ಷರ ಮಾತ್ರ ಕೆಟ್ಟಿಲ್ಲ.

ಕಿತ್ತದ್ದು ಮೇಲಿನ ತುದಿಯಿಂದ.
ಬಿಚ್ಚಿದ ಹಳಿಯನ್ನು ಗಾಡಿಯೇ ಹೊತ್ತು
ಒಂದು ಹಳಿಯುದ್ದ ಹಿಂದೆ ಸರಿಯುವುದು, ಮತ್ತೆ ಹೊರುವುದು.
ಹತ್ತಿದ ಏಣಿ ಒದ್ದರು ಎಂದು ಊರು ಬೈಯಿತು.
ಒದೆಯಲಿಲ್ಲ ಯಾರೂ. ಏಣಿಯೇ
ತನ್ನ ಮೆಟ್ಟಿಲುಗಳನ್ನು ಒಂದೊಂದಾಗಿ
ಕಂಕುಳಿಗೆ ಸಿಕ್ಕಿಸಿಕೊಂಡು
ಇಳಿದು ಹೋಯಿತು.

ಕಣಿವೆಯ ಲೈರ್ ಹಕ್ಕಿ ಇಂದಿಗೂ
ನಾಲ್ಕನೇ ನಂಬರಿನ ಸಿಳ್ಳೆ ಹಾಕುತ್ತದಂತೆ.
ಪ್ರವಾಸಿಗರಿಗೆ ಕೇಳಿಸಿದೆ.
ನನಗೆ ಕೇಳಿಸಿದ್ದು ಗರಗಸ;
ಅದು ಮರ ಕೊಯ್ಯುವವರದೋ, ಹಕ್ಕಿಯದೋ.

ಹಳಿಗಳು ಈಗ ಹಾಲಿನ ಕೊಟ್ಟಿಗೆಗಳಲ್ಲಿ ಗೇಟಿನ ಕಂಬ.
ದನಗಳು ಮೈ ತಿಕ್ಕಿ ತಿಕ್ಕಿ
ಒಂದು ಮಗ್ಗುಲು ಮಾತ್ರ ಹೊಳೆಯುತ್ತದೆ,
ಗಾಲಿ ಓಡುತ್ತಿದ್ದಾಗಿನ ಹಾಗೆ.

ಕೊನೆಯ ಪುಟ:
ತಕ್ಕಡಿ ಒಂದು, ಕೆಳಕ್ಕೆ.
ಗಡಿಯಾರ ಒಂದು, ಕೆಳಕ್ಕೆ.
ಉಸ್ತುವಾರಿ ಒಬ್ಬಳು,
ಅದರ ಮುಂದೆ ಮೇಲಕ್ಕೋ ಕೆಳಕ್ಕೋ
ಅಮ್ಮ ಬರೆದಿಲ್ಲ.
ನಾನೂ ತುಂಬಿಸಿಲ್ಲ.