ಉಣುಗೋಲು

ಗಾಯ ಮಾಯ್ದು ಎರಡು ತಿಂಗಳು.
ಹಂದಿಗೆಂದು ಯಾರೋ ಒಡ್ಡಿದ ಕ್ಲಚ್ ವಯರಿನ ಉರುಳು
ರೂಬಿಯ ಮುಂಗಾಲಲ್ಲಿ ಬಿಟ್ಟುಹೋದದ್ದು
ಬಳೆಯಂಥ ಒಂದು ಬಿಳಿ ಗೆರೆ.
ಆದರೂ ರಾತ್ರಿಯಿಡೀ ಆ ಪಾದವನ್ನೇ ಕಚ್ಚುತ್ತಾಳೆ,
ಇರದ ಬೆಂಕಿಯನ್ನು ಹಲ್ಲಿಂದ ಆರಿಸುವವಳ ಹಾಗೆ.

ಪೊನ್ನಂಪೇಟೆಯ ಪಶು ಆಸ್ಪತ್ರೆಯ ತೂಕದ ಯಂತ್ರದ ಮೇಲೆ
ಅವಳು ನಿಲ್ಲಲೊಲ್ಲಳು.
ಬೆಳ್ಯಪ್ಪನವರೇ ಎತ್ತಿಕೊಂಡು ನಿಂತರು: ಎಂಬತ್ತೊಂಬತ್ತು.
ಇಳಿಸಿ ಒಬ್ಬರೇ ನಿಂತರು: ಎಪ್ಪತ್ತೊಂದು.
ಕಳೆದೆ. ನಾಯಿ ಹದಿನೆಂಟು ಕೇಜಿ.

ಚೀಟಿ ಓದಿ ಮೆಡಿಕಲ್ಲಿನ ಹುಡುಗ ದನಿ ತಗ್ಗಿಸಿದನಂತೆ,
ಕೇಳದೆಯೇ ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿದನಂತೆ.
ಅಲ್ಲಿಂದಲೇ ತಿರುಗಿ ಬಂದರು, ಮುಖ ಕೆಂಪಗೆ:
"ಏನಮ್ಮಾ, ಇದು ಬೇಜಾರಿನ ಮಾತ್ರೆಯಂತಲ್ಲ!
ನನ್ನ ನಾಯಿಗೆ ಕಾಲುನೋವು. ತಲೆ ಸರಿಯಿದೆ."

ನಿಮ್ಮ ತೋಟದ ಉಣುಗೋಲು ನೆನೆಸಿಕೊಳ್ಳಿ, ಅಂದೆ.
ಎರಡು ಕಲ್ಲುಕಂಬ, ಕಂಬಕ್ಕೆ ತೂತು, ತೂತಿಗೆ ಕೋಲು.
ಸಂಜೆ ಮೇಲಿನ ಮನೆಯಿಂದ ಒಬ್ಬ ಇಳಿದು ಬಂದು
ಕೋಲು ಸರಿಸಿದರೆ ದನ ಒಳಗೆ ಬಾರದು.
ಮಿದುಳಿಂದ ಬೆನ್ನಹುರಿಗೂ ಹಾಗೇ ಒಬ್ಬ ಇಳಿಯುತ್ತಾನೆ,
ಅವನ ಕೈಯ ಕೋಲಿನ ಹೆಸರು ಸೆರೊಟೋನಿನ್.
ಅದು ಕೂತಾಗ ನೋವು ಬೇಲಿಯಾಚೆ ನಿಂತು ಮೆಲುಕು ಹಾಕುತ್ತದೆ.
ನರ ಕೆಟ್ಟಾಗ ಆ ಕೋಲು ಸಾಲದು,
ಹಾಕಿದ ಗಳಿಗೆಯಲ್ಲೇ ಯಾರೋ ಸೌದೆಗೆಂದು ಹೊತ್ತೊಯ್ಯುತ್ತಾರೆ.
ಈ ಮಾತ್ರೆ ಕಾವಲುಗಾರನಲ್ಲ, ಕೋಲೂ ಅಲ್ಲ,
ಹೊತ್ತೊಯ್ಯುವವನ ಕೈ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ.

ಎಲ್ಲ ಹೇಳಲಿಲ್ಲ. ಕೆಲವು ತೂತಿಗೆ
ಅದೇ ಕೋಲು ಹೊಕ್ಕರೆ ದಾರಿ ಇನ್ನೂ ಅಗಲವಾಗುತ್ತದೆ;
ಕೆಲವು ನಾಯಿಗೆ ಇದು ಹಿಡಿಯುವುದೇ ಇಲ್ಲ;
ನಮ್ಮ ಪುಸ್ತಕಗಳು ಇಲ್ಲಿ ತೊದಲುತ್ತವೆ.

ಮೂರು ವಾರ ಬಿಟ್ಟು ಬಂದಾಗ ಪಾದದ ಮೇಲೆ ಹೊಸ ರೋಮ.
"ಬಾಯಿ ಒಣಗುತ್ತೋ ಏನೋ, ಬೋಗುಣಿಗಟ್ಟಲೆ ನೀರು ಕುಡೀತಾಳೆ.
ಆದರೆ ಮಲಗ್ತಾಳೆ, ಡಾಕ್ಟ್ರೇ. ಗೊರಕೆ ಬೇರೆ.
ನಾನು ಎದ್ದು ಕೂತು ಕೇಳ್ತೀನಿ, ನಾಲ್ಕು ಗಂಟೆವರೆಗೆ."
ಜೀಪಿನ ಕೀಲಿ ತಿರುವುತ್ತ, ಕಿಟಕಿಯಾಚೆ ನೋಡುತ್ತ,
"ತೂಕ ಜಾಸ್ತಿ ಇದ್ದರೆ ಎಷ್ಟು ಕೊಡಬೇಕಾಗುತ್ತೆ?"
"ಯಾವ ನಾಯಿಗೆ?"
"ಹೀಗೇ. ದೊಡ್ಡ ಜಾತಿ."

ಅದು ನನ್ನ ಲೈಸೆನ್ಸಿನ ಬೇಲಿಯಾಚೆ.
ಚೀಟಿಯ ಬೆನ್ನಿಗೆ ಮಡಿಕೇರಿಯ ಒಬ್ಬರ ಹೆಸರು ಬರೆದೆ,
ಗುರುವಾರ, ಹತ್ತರಿಂದ ಒಂದು.
ರೂಬಿಗೇ ತೋರಿಸುವವರಂತೆ ಬಗ್ಗಿ, ಮಡಚಿ, ಕಿಸೆಗಿಟ್ಟರು.

ಸಂಜೆ ರಿಜಿಸ್ಟರು ಮುಚ್ಚುವಾಗ
ಹಳೆಯ ಪುಟದ ಅಂಚಿನಲ್ಲಿ ಪೆನ್ಸಿಲಿನ ಎಪ್ಪತ್ತೊಂದು,
ಕಳೆಯಲೆಂದು ಬರೆದುಕೊಂಡದ್ದು.
ಅಳಿಸಲು ಮರೆತಿದ್ದೆ.